ಇಂಚನ್ನಿನ ಕೊಕ್ಕರೆಗಳು ಸೋತ ವರ್ಷ

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಡಾಕ್ಟರ್ ವಿರೂಪಾಕ್ಷ ಮುರಿದ ಮೂಳೆ ಜೋಡಿಸುವುದರಲ್ಲಿ ಎತ್ತಿದ ಕೈ. ಆದರೆ ಮನೆಯಲ್ಲಿ ಒಂದು ಕೆಲಸ ಅವರ ಕೈಗೆ ಹತ್ತದೆ ಹದಿನೇಳು ವರ್ಷ ಕಳೆದಿತ್ತು. ಮಗಳು ಐಶ್ವರ್ಯಾ ಅವರೊಂದಿಗೆ ಕನ್ನಡದಲ್ಲಿ ಒಂದು ವಾಕ್ಯ ಆಡಿದವಳಲ್ಲ. ಅರ್ಥವಾಗುವುದಿಲ್ಲ ಎನ್ನುವಂತಿಲ್ಲ, ಬಾಗಿಲು ಹಾಕಿಕೊಂಡು ಅಪ್ಪ ಅವ್ವ ಪಿಸುಗುಟ್ಟಿದ್ದೂ ಅವಳಿಗೆ ಅರ್ಥವಾಗುತ್ತಿತ್ತು. "ಊಟಾ ಆತೇನವ್ವಾ?" ಎಂದರೆ "ಯಾ, ಏಜಸ್ ಅಗೋ, ಡ್ಯಾಡ್" ಎಂದು ಉತ್ತರ ಬರುತ್ತಿತ್ತು. ಬರುವ ಸೆಪ್ಟೆಂಬರಿಗೆ ಅವಳು ಶೆಫೀಲ್ಡಿಗೆ ಓದಲು ಹೋಗುವವಳು. ಅಲ್ಲಿನ ಬ್ರೂಮ್‌ಹಿಲ್ಲಿನಲ್ಲಿ ಯಾವ ಬೀದಿಯ ರೂಮು ಚೆನ್ನ ಎಂದು ಆಗಲೇ ವಿಚಾರಿಸುತ್ತಿದ್ದಳು. ಅಷ್ಟರೊಳಗೆ ಒಮ್ಮೆಯಾದರೂ ಅವಳು ತನ್ನ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನಾದರೂ ಅನ್ನಬೇಕು ಎನ್ನುವುದು ಡಾಕ್ಟರ ಆಸೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಮಹಾದೇವಿಗೆ ಮಾತ್ರ ಹೇಳದೆಯೇ ಗೊತ್ತಿತ್ತು.

ವರ್ಷಕ್ಕೊಮ್ಮೆ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ, ಐಶ್ವರ್ಯಾ ಕನ್ನಡ ಮಾತಾಡುತ್ತಿದ್ದಳು, ಅದನ್ನು ಮಾತು ಅನ್ನುವುದಾದರೆ. ಮಕ್ಕಳ ಭಾಷಣ ಸ್ಪರ್ಧೆಯ ಗುಟ್ಟು ಅಲ್ಲಿ ಎಲ್ಲರಿಗೂ ತಿಳಿದದ್ದೇ. ಭಾಷಣ ಬರೆಯುವವರು ಅಪ್ಪ ಅಮ್ಮಂದಿರು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಉಸಿರೆಳೆದುಕೊಳ್ಳುವ ಕಡೆ ಕೆಂಪು ಗೆರೆ, ಕೈ ಎತ್ತುವ ಕಡೆ ನಕ್ಷತ್ರದ ಗುರುತು. ಮಕ್ಕಳು ಗಿಣಿಪಾಠ ಒಪ್ಪಿಸುತ್ತಾರೆ, ಹೆತ್ತವರು ಮುಂದಿನ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಾರೆ, ಯಾವ ಅಪ್ಪ ಚೆನ್ನಾಗಿ ಬರೆದನೋ ಅವನ ಮಗುವಿಗೆ ಬಹುಮಾನ. ಬರೆಯುವುದೂ ಯಾರ ಊರಿನ ಕನ್ನಡದಲ್ಲೂ ಅಲ್ಲ. ಧಾರವಾಡದವರು, ಮಂಗಳೂರಿನವರು ಎಲ್ಲರೂ ಸಂಘದ ಬಾಗಿಲು ದಾಟಿದೊಡನೆ ತಮ್ಮ ಮಾತನ್ನು ಕೋಟಿನ ಜೊತೆ ಹೊರಗೆ ತೂಗುಹಾಕಿ, ಬೆಂಗಳೂರಿನ ಕಡೆಯ ಇಸ್ತ್ರಿ ಮಾಡಿದ ಕನ್ನಡ ತೊಟ್ಟುಕೊಳ್ಳುತ್ತಾರೆ. ಬಾಗಲಕೋಟೆಯ ವಿರೂಪಾಕ್ಷರಿಗೂ ಅದು ಅಭ್ಯಾಸವಾಗಿತ್ತು.

ಸಟನ್ ಕೋಲ್ಡ್‌ಫೀಲ್ಡಿನ ಸಾಫ್ಟ್‌ವೇರ್ ಗೃಹಸ್ಥ ಕೆಂಪಣ್ಣ ಸಂಘದ ಅಧ್ಯಕ್ಷರು. ಅವರ ಮಗಳು ಸಂಯುಕ್ತಾ ಮೊದಲ ಬಹುಮಾನವನ್ನು ಮನೆಯ ಸಾಮಾನಿನ ಹಾಗೆ ಪ್ರತಿ ವರ್ಷ ಒಯ್ಯುತ್ತಿದ್ದಳು. "ಅಧ್ಯಕ್ಷರ ಮಗಳಲ್ಲೇನು" ಎಂದು ಡಾಕ್ಟರು ಗೊಣಗಿದರೆ, ಮಹಾದೇವಿ ಮುಲಾಜಿಲ್ಲದೆ ಹೇಳುತ್ತಿದ್ದಳು: "ಹಂಗಲ್ಲರೀ. ಅವರ ಬರವಣಿಗಿ ಚೊಲೋ ಇರತದ. ನಿಮ್ಮದು ಪೇಷಂಟನ್ನ ಮನಿಗೆ ಕಳಸೋ ಚೀಟಿ ಇದ್ಹಂಗ ಇರತದ."

ಈ ವರ್ಷ ತೊಡಕು ಬಂದದ್ದು ತಾರೀಕಿನಿಂದ. ರಾಜ್ಯೋತ್ಸವ ಇಟ್ಟುಕೊಂಡ ಭಾನುವಾರದ ಬೆಳಗ್ಗೆಯೇ ಕೊರಿಯಾದ ಸೋಲ್ ನಗರದಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್. ಕ್ರಿಕೆಟ್ಟಲ್ಲ, ಕಂಪ್ಯೂಟರಿನ ಆಟ. ಈ ಕಡೆ ಐದು ಜನ, ಆ ಕಡೆ ಐದು ಜನ, ಎದುರಾಳಿಯ ಕೋಟೆ ಮೊದಲು ಒಡೆದವರು ಗೆದ್ದರು. ಐಶ್ವರ್ಯಾಳ ಪ್ರಾಣವೆಲ್ಲ ಕೊರಿಯಾದ 'ಇಂಚನ್ ಕ್ರೇನ್ಸ್' ತಂಡದ ಮೇಲೆ. ಡಾಕ್ಟರು ಅವನ್ನು ಕೊಕ್ಕರೆಗಳು ಎನ್ನುತ್ತಿದ್ದರು, ಅವಳು ಬೇಸರದಿಂದ ಕಣ್ಣು ಹೊರಳಿಸುತ್ತಿದ್ದಳು. ಸಂಘಕ್ಕೆ ಬರುತ್ತೇನೆ, ಫೈನಲ್ ಆಮೇಲೆ ನೋಡುತ್ತೇನೆ, ಆದರೆ ನನ್ನ ಭಾಷಣ ಕ್ರೇನ್ಸ್ ಮೇಲೆಯೇ ಇರಬೇಕು ಎಂದು ಅವಳು ಇಂಗ್ಲಿಷಿನಲ್ಲಿ ಷರತ್ತು ಹಾಕಿದಳು. ಇದು ಅವಳ ಕೊನೆಯ ಭಾಷಣ. ಮುಂದಿನ ನವೆಂಬರಿಗೆ ಅವಳು ಮನೆಯಲ್ಲೇ ಇರುವುದಿಲ್ಲ. ಡಾಕ್ಟರು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡರು.

ಒಪ್ಪಿಕೊಂಡ ಮೇಲೆ ಓದಬೇಕಲ್ಲ. ವಾರ್ಡಿನ ಪಾಳಿಯ ನಡುವೆ ಬಿಡುವು ಸಿಕ್ಕಾಗಲೆಲ್ಲ ಕೊಕ್ಕರೆಗಳ ಚರಿತ್ರೆಯನ್ನು ಅವರು ಪರೀಕ್ಷೆಗೆ ಕೂತವರ ಹಾಗೆ ಓದಿದರು. ತಂಡ ಹುಟ್ಟಿದ್ದು ಇಂಚನ್ನಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ಕೆಳಗೆ ಕೋಳಿ ಕರಿಯುವ ಹೋಟೆಲು. ಕ್ಯಾಪ್ಟನ್ನಿನ ಆಟದ ಹೆಸರು ಬೊರಿ. ಕೊರಿಯನ್ನಿನಲ್ಲಿ ಅದು ಜವೆಗೋಧಿ ಎಂದು ತಿಳಿದಾಗ, ಇವನೂ ರೊಟ್ಟಿ ತಿನ್ನುವವರ ಪೈಕಿಯೇ ಇರಬೇಕೆಂದು ಡಾಕ್ಟರಿಗೆ ಅಭಿಮಾನ ಉಕ್ಕಿತು. ಎರಡನೇ ದರ್ಜೆಯಿಂದ ಮೇಲೆ ಬಂದ ಮೊದಲ ಋತುವಿನಲ್ಲೇ ತಂಡ ದೇಶದ ಲೀಗ್ ಗೆದ್ದಿತು. ಮಾರನೇ ವರ್ಷ ವಿಶ್ವಕಪ್ಪು, ಅದರ ಮರುವರ್ಷ ಮತ್ತೊಮ್ಮೆ. ಆಮೇಲೆ ಎರಡು ವರ್ಷ ಯಾಕೋ ಸೋಲೋ ಸೋಲು, ಪಟ್ಟಿಯ ಕೊನೆಗೆ ಇವರೇ. ಮತ್ತೆ ಲೀಗ್ ಗೆದ್ದು, ಈಗ ಮೂರನೇ ವಿಶ್ವಕಪ್ಪಿನ ಫೈನಲ್ಲಿಗೆ ಬಂದಿದ್ದರು.

ಸೋತ ಎರಡು ವರ್ಷಗಳನ್ನು ಡಾಕ್ಟರು ಬಿಟ್ಟುಬಿಟ್ಟರು. ಮೋಸ ಮಾಡುವ ಉದ್ದೇಶವೇನಲ್ಲ. ಸಂಘದ ವೇದಿಕೆಯಲ್ಲಿ ಸಾಧಕರ ಪರಿಚಯವೆಂದರೆ ಹುಟ್ಟಿದರು, ಕಷ್ಟಪಟ್ಟರು, ಗೆದ್ದರು, ಸನ್ಮಾನ ಮಾಡಿಸಿಕೊಂಡರು. ಸೋಲಿಗೆ ಅಲ್ಲಿ ಕುರ್ಚಿ ಹಾಕುವ ಪದ್ಧತಿಯೇ ಇಲ್ಲ. ಬರೆದದ್ದನ್ನು ಓದಿದ ಐಶ್ವರ್ಯಾ ಹುಬ್ಬು ಗಂಟಿಕ್ಕಿ "ಯೂ ಸ್ಕಿಪ್ಡ್ ಅ ಬಿಟ್" ಎಂದಳು.

"ಐದು ನಿಮಿಷದಾಗ ಎಲ್ಲಾ ಹಿಡಸೂದಿಲ್ಲವ್ವಾ" ಎಂದರು ಡಾಕ್ಟರು. ಅವಳು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡಳು. ಒಪ್ಪಿದಳು ಅಂದುಕೊಂಡು ಅವರು ನೆಮ್ಮದಿಯಾಗಿ ಚಹಾ ಕುಡಿದರು.

ಸಟನ್ ಕೋಲ್ಡ್‌ಫೀಲ್ಡಿನ ಶಾಲೆಯ ಸಭಾಂಗಣದಲ್ಲಿ ಹತ್ತು ಗಂಟೆಗೆ ಸರಿಯಾಗಿ ಶುರುವಾಗಬೇಕಿದ್ದ ಕಾರ್ಯಕ್ರಮ, ಹತ್ತು ಗಂಟೆಗೆ ಸರಿಯಾಗಿ ಮೈಕಿಗಾಗಿ ಹುಡುಕುತ್ತಿತ್ತು. ಐಶ್ವರ್ಯಾ ಫೋನು ಆರಿಸಿ ಅವ್ವನ ಕೈಚೀಲದಲ್ಲಿ ಇಟ್ಟಿದ್ದಳು. ಫೈನಲ್ಲಿನ ಫಲಿತಾಂಶ ಯಾರಾದರೂ ಬಾಯಿಬಿಟ್ಟರೆ ನೋಡಿ ಎಂದು ಊರಿಗೆಲ್ಲ ಎಚ್ಚರಿಕೆ ಕೊಟ್ಟಾಗಿತ್ತು. ನಾಡಗೀತೆ ಆಯಿತು, ದೀಪ ಹಚ್ಚಿದ್ದಾಯಿತು. ಸಂಯುಕ್ತಾ ಅಣೆಕಟ್ಟುಗಳ ಬಗ್ಗೆ ಮಾತಾಡಿ, ನಕ್ಷತ್ರದ ಗುರುತಿದ್ದ ಕಡೆಯಲ್ಲೆಲ್ಲ ಕೈ ಎತ್ತಿ ಇಳಿದಳು. ಆಮೇಲೆ ಕೆಂಪಣ್ಣ ಮೈಕು ಹಿಡಿದು, "ಮುಂದಿನ ಸ್ಪರ್ಧಿ, ಪರೀಕ್ಷೆಗಳನ್ನೆಲ್ಲ ಮೊದಲ ಪ್ರಯತ್ನದಲ್ಲೇ ಗೆದ್ದ ನಮ್ಮ ಹೆಮ್ಮೆಯ ಡಾಕ್ಟರ್ ವಿರೂಪಾಕ್ಷ ಅವರ ಸುಪುತ್ರಿ" ಎಂದರು. ಪ್ರತಿ ವರ್ಷವೂ ಅವರು ಹೀಗೆಯೇ ಅನ್ನುತ್ತಿದ್ದರು, ಡಾಕ್ಟರು ಪ್ರತಿ ವರ್ಷವೂ ತಲೆ ಬಗ್ಗಿಸಿ ವಿನಯ ತೋರಿಸುತ್ತಿದ್ದರು.

"ಮಾನ್ಯ ಅಧ್ಯಕ್ಷರೇ, ಗುರುಹಿರಿಯರೇ" ಎಂದು ಐಶ್ವರ್ಯಾ ಶುರು ಮಾಡಿದಳು. ಡಾಕ್ಟರ ತುಟಿಯೂ ಶುರುವಾಯಿತು. ಕೋಳಿ ಹೋಟೆಲಿನ ಮಹಡಿ ಬಂತು, ಬೊರಿ ಬಂದ, ಲೀಗ್ ಬಂತು, ಒಂದು ವಿಶ್ವಕಪ್ಪು, ಇನ್ನೊಂದು ವಿಶ್ವಕಪ್ಪು. "ಅಂದಿನಿಂದ ಇಂದಿನವರೆಗೆ ಈ ತಂಡ ಹಿಂತಿರುಗಿ ನೋಡಲಿಲ್ಲ" ಎಂದಳು. ಅಲ್ಲಿ ಉಸಿರಿನ ಗೆರೆ ಇತ್ತು. ಅವಳು ಉಸಿರೆಳೆದುಕೊಂಡಳು. ಮುಂದಿನ ವಾಕ್ಯ ಬರಲಿಲ್ಲ. ಮರೆತಳೇನೋ ಎಂದು ಡಾಕ್ಟರು ಕುರ್ಚಿಯ ತುದಿಗೆ ಬಂದು, ತುಟಿಯಲ್ಲೇ ಪದ ಎತ್ತಿಕೊಟ್ಟರು.

"ನೋಡಿದ್ರು" ಎಂದಳು ಐಶ್ವರ್ಯಾ. "ಹಿಂದ ನೋಡಿದ್ರು. ಅಪ್ಪ ಅದನ್ನ ಬರದೇ ಇಲ್ಲ."

ಅವಳು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು.

"ಮೂರು ಮಂದಿ ರೊಕ್ಕ ಭಾಳ ಕೊಡ್ತಾರ ಅಂತ ಚೀನಾಕ್ಕ ಓಡಿಹೋದ್ರು. ಹೊಟ್ಟಿಗೆ ಅನ್ನಾ ತಿಂತಾರೋ ಏನೋ! ಬೊರಿ ಹೋಗಲಿಲ್ಲ. ಅವಂಗ ಕೈ ನೋಯ್ತಿತ್ತು. ಸಣ್ಣ ಸಣ್ಣ ಹುಡುಗರನ್ನ ಕರ್ಕೊಂಡು ಆಡಿದ. ಸೋತ್ರು. ಮತ್ತ ಸೋತ್ರು. ಎಲ್ಲಾರಕಿಂತ ಕಡೀಕ ಬಂದ್ರು. ಮಂದಿ ಬಾಯಿಗೆ ಬಂದಂಗ ಬೈದ್ರು. ಬೊರಿ ಮಾರಿ ಸಣ್ಣದ ಮಾಡ್ಕೊಂಡು ಕುಂತಿದ್ದ. ನಾ ಭಾಳ ಅತ್ತೆ."

ಒಂದೊಂದು ವಾಕ್ಯವನ್ನೂ ಅವಳು ಹುಡುಕಿ ಹುಡುಕಿ ಆಡುತ್ತಿದ್ದಳು. ಆದರೆ ಆ ಪದಗಳೆಲ್ಲ ಡಾಕ್ಟರಿಗೆ ಪರಿಚಯದವು. ಅಡುಗೆಮನೆಯಲ್ಲಿ ಮಹಾದೇವಿ ಅವರನ್ನು ಬೈಯುವ ಪದಗಳು. ಊರಿನ ತಮ್ಮನ ಜೊತೆ ಫೋನಿನಲ್ಲಿ ಅವರೇ ಕೂಗಾಡುವ ಪದಗಳು. ಸಂಘದ ಬಾಗಿಲಲ್ಲಿ ವರ್ಷ ವರ್ಷ ಅವರು ಬಿಚ್ಚಿಟ್ಟು ಬಂದ ಮಾತೇ ಮೈಕಿನ ಮುಂದೆ ಬಂದು ನಿಂತಿತ್ತು. ಪಕ್ಕದಲ್ಲಿ ಮಹಾದೇವಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಇಷ್ಟಕ್ಕೇ ಮಗಳು ಮುಗಿಸಿದ್ದರೆ ಡಾಕ್ಟರ ಮಾನ ಉಳಿಯುತ್ತಿತ್ತು.

"ಆವಾಗ ಅಪ್ಪ ನನ್ನ ರೂಮಿಗೆ ಬಂದ್ರು" ಎಂದಳು ಐಶ್ವರ್ಯಾ. "ಪರೀಕ್ಷಾದಾಗ ಮಾರ್ಕ್ಸ್ ಕಡಿಮಿ ಬಂದಾವು, ಅದಕ್ಕ ಅಳಾಕತ್ತಾಳ ಅಂತ ತಿಳ್ಕೊಂಡ್ರು. 'ಅಳಬ್ಯಾಡವ್ವಾ. ಡಾಕ್ಟರ್ ಪರೀಕ್ಷಾದಾಗ ನಾನೂ ಮೂರು ಸಲ ನಪಾಸ ಆಗೀನಿ. ಯಾರ ಮುಂದೂ ಹೇಳಬ್ಯಾಡ' ಅಂದ್ರು."

ಕೆಂಪಣ್ಣ ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಯನ್ನು ನೋಡಿದರು, ಡಾಕ್ಟರನ್ನು ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಡಾಕ್ಟರ ಕಿವಿ ಕೆಂಪಗೆ ಕಾದಿತ್ತು. ಮಗಳು ಅತ್ತ ಆ ದಿನ ಅವರು ಅವಳ ಹಾಸಿಗೆಯ ತುದಿಯಲ್ಲಿ ಕೂತು, ಹೆಂಡತಿಯನ್ನು ಬಿಟ್ಟು ಜೀವಮಾನದಲ್ಲಿ ಯಾರಿಗೂ ಹೇಳದ ಗುಟ್ಟನ್ನು ಮಗಳಿಗೆ ಒಪ್ಪಿಸಿದ್ದು ನಿಜ. ಅದು ಕೊಕ್ಕರೆಗಳ ಸೋಲಿನ ಲೆಕ್ಕಕ್ಕೆ ಜಮೆಯಾಗಿದೆ ಎಂದು ಅವರಿಗೆ ಈಗಷ್ಟೇ ಗೊತ್ತಾಯಿತು.

"ಮರುದಿನ ಬೊರಿ ಮತ್ತ ಆಡಾಕ ಬಂದ" ಎಂದಳು ಅವಳು, ನಗು ತಗ್ಗುವವರೆಗೆ ಕಾದು. "ಅಪ್ಪನೂ ಮತ್ತ ಪರೀಕ್ಷಾಕ್ಕ ಕುಂತಿದ್ರು. ಅಷ್ಟ. ಥ್ಯಾಂಕ್ ಯೂ."

ಬಹುಮಾನ ಸಂಯುಕ್ತಾಳಿಗೇ ಹೋಯಿತು. ಡಾಕ್ಟರು ಈ ಸಲ ಗೊಣಗಲಿಲ್ಲ. ಗೊಣಗಲು ಅವರಿಗೆ ಪುರಸೊತ್ತೂ ಸಿಗಲಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತದ್ದೇ ತಡ, ಕೆಂಪಣ್ಣ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಡಾಕ್ಟ್ರೇ, ನಿಮ್ಮ ಹತ್ರ ಮಾತ್ರ ಹೇಳ್ತಿದೀನಿ. ಇಲ್ಲಿ ಡ್ರೈವಿಂಗ್ ಟೆಸ್ಟ್ ನಾನು ನಾಲ್ಕು ಸಲ ಫೇಲು. ಮನೆಯವಳು ಮೊದಲ ಸಲಕ್ಕೇ ಪಾಸು. ಸಂಯುಕ್ತಂಗೆ ಗೊತ್ತಿಲ್ಲ." ಕೆಂಪಣ್ಣ ಸರಿದೊಡನೆ ಮಂಗಳೂರಿನ ಕಡೆಯ ಜಲಜಾ ಬಂದರು, ವಾಲ್ಸಾಲಿನಲ್ಲಿ ಕುಟುಂಬ ವೈದ್ಯೆಯಾಗಿರುವವರು. "ನಂದೂ ಎರಡು ಸಲ ಹೋಗಿತ್ತು ಮಾರಾಯ್ರೆ, ಮನೆಗೆ ಹೇಳ್ಲೇ ಇಲ್ಲ" ಎಂದರು. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಹೊಸ ಮನೆ, ಹೊಸ ಕಾರು ತೋರಿಸಿಕೊಂಡು ಬಂದ ಜನ ಅವತ್ತು ಬಿಸಿಬೇಳೆಭಾತಿನ ಮುಂದೆ ನಪಾಸಾದ ಕಥೆ ಹೇಳಿಕೊಂಡು ನಗುತ್ತಿದ್ದರು. ಡಾಕ್ಟರ ತಟ್ಟೆ ತಣ್ಣಗಾಯಿತು. ಅವರ ಕಣ್ಣು ಮಗಳನ್ನು ಹುಡುಕುತ್ತಿತ್ತು. ವೇದಿಕೆ ಇಳಿದ ಮೇಲೆ ಅವಳು ಅವರ ಹತ್ತಿರ ಸುಳಿದೇ ಇರಲಿಲ್ಲ. ಆಡಿದ ಕನ್ನಡವೆಲ್ಲ ಸಭೆಗೆ ಆಡಿದ್ದು. ತನಗೆ ಅಂತ ಅವಳು ಇನ್ನೂ ಒಂದು ಮಾತೂ ಆಡಿಲ್ಲ ಎನ್ನುವುದು ಅವರನ್ನು ಚುಚ್ಚುತ್ತಿತ್ತು. ಅಪ್ಪ ಕೋಪಿಸಿಕೊಂಡಿದ್ದಾರೆಂದು ಹೆದರಿದಳೇ?

ಅವಳು ಹೆದರಿರಲಿಲ್ಲ. ಸಭಾಂಗಣದ ಹೊರಗಿನ ಓಣಿಯಲ್ಲಿ, ಮಕ್ಕಳ ಕೋಟುಗಳ ಕೆಳಗಿನ ಗಿಡ್ಡ ಬೆಂಚಿನ ಮೇಲೆ ಕೂತು, ಅವ್ವನ ಕೈಚೀಲದಿಂದ ಫೋನು ತೆಗೆದುಕೊಂಡು ಫೈನಲ್ ನೋಡುತ್ತಿದ್ದಳು. ಡಾಕ್ಟರು ಪಕ್ಕದಲ್ಲಿ ಇಕ್ಕಟ್ಟಾಗಿ ಕುಳಿತರು. ಪರದೆಯ ಮೇಲೆ ಬಣ್ಣಬಣ್ಣದ ಬೆಂಕಿ ಹಾರಾಡುತ್ತಿತ್ತು. ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ಅಷ್ಟೆಲ್ಲ ಓದಿದ್ದ ಡಾಕ್ಟರಿಗೆ ಒಂದಿಷ್ಟೂ ತಿಳಿಯಲಿಲ್ಲ. ಆದರೆ ನಡುವೆ ಬೊರಿಯ ಮುಖ ಬಂತು, ಪಟ್ಟಿ ಸುತ್ತಿದ ಅವನ ಮಣಿಕಟ್ಟೂ ಕಂಡಿತು. ಅದು ತಮ್ಮ ಇಲಾಖೆ.

"ಆ ಪಟ್ಟಿ ಕಟ್ಟಿದ್ದ ತಪ್ಪ ನೋಡವ್ವಾ" ಎಂದು ಡಾಕ್ಟರು ಬೆರಳು ತೋರಿಸಿದರು. "ಹೆಬ್ಬಟ್ಟು ಸುದ್ದಾ ಹಿಡಕೊಂಡು ಕಟ್ಟಬೇಕಿತ್ತು. ನಮ್ಮ ಕ್ಲಿನಿಕ್ಕಿಗೆ ಬಂದಿದ್ರ ನಾನ..."

ಐಶ್ವರ್ಯಾ ಅವರ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದಳು. ಕಣ್ಣು ಪರದೆಯಿಂದ ಕಿತ್ತು ಅವರ ಮುಖ ನೋಡಿದಳು.

"ಅಪ್ಪಾ, ಸುಮ್ಮನ ಕುಂದರ್ರಿ. ಸೋಲಾಕತ್ತೇವಿ."

ಡಾಕ್ಟರು ತೋರಿಸಿದ್ದ ಬೆರಳು ಮಡಚಿಕೊಂಡು ಕುಳಿತರು. ಕೊಕ್ಕರೆಗಳು ಇನ್ನೂ ಸ್ವಲ್ಪ ಹೊತ್ತು ಸೋಲುತ್ತಲೇ ಇರಲಿ ಎಂದು ಅವರಿಗೆ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡರು ಅವರಾಗಿರಲಿಲ್ಲ.