ಇರುವೆಗೊಂದು ಬೀಗದ ಕೈ

ಮಗಳಿಗೆ ಹದಿನೆಂಟು ತುಂಬುತ್ತದೆ ಎಂದರೆ ಯಾರಿಗಾದರೂ ಖುಷಿ. ಬೀಗ ರಿಪೇರಿಯವನ ಮನೆಯಲ್ಲಿ ಮಾತ್ರ ಎಲ್ಲರಿಗೂ ದಿಗಿಲು.

ಇರುವೆ ಅವರ ಹೆತ್ತ ಮಗಳಲ್ಲ. ಚಿಕ್ಕವಳಿದ್ದಾಗ ಮಕ್ಕಳ ರಕ್ಷಣಾ ಕಚೇರಿಯವರು ಸಾಕಲು ಒಪ್ಪಿಸಿದ ಹುಡುಗಿ. ಸದ್ದಿಲ್ಲದೆ ಓಡಾಡುತ್ತಾಳೆ ಎಂದು ಬೀಗದವನೇ ಆ ಹೆಸರಿಟ್ಟಿದ್ದ. ಹದಿನೆಂಟಾದರೆ ಕಚೇರಿಯ ಪಾಲಿಗೆ ಸಾಕಣೆ ಮುಗಿಯಿತು. ಪೇಟೆಯ ಬೇಕರಿಯಲ್ಲಿ ಕೆಲಸ ಸಿಕ್ಕಿತ್ತು, ಪಕ್ಕದಲ್ಲೇ ಬಾಡಿಗೆ ಕೋಣೆಯೂ ಗೊತ್ತಾಗಿತ್ತು. ಮುಂದಿನ ತಿಂಗಳು ಹೊರಡಬೇಕು.

"ಗ್ಯಾಸ್ ಹಚ್ಚೋಕೂ ಬರಲ್ಲ ಅವಳಿಗೆ. ಒಬ್ಳೇ ಹೇಗಿರ್ತಾಳೆ? ಬೇಕರಿಯವ್ರಿಗೆ ಆಗಲ್ಲ ಅಂತ ಹೇಳ್ಬಿಡ್ತೀನಿ," ಎಂದ ಬೀಗದವನು.

"ಹಚ್ಚೋಕೆ ಬರಲ್ವೋ, ನೀವು ಬಿಟ್ಟಿಲ್ವೋ?" ಎಂದಳು ಎದುರುಮನೆಯ ನರ್ಸಮ್ಮ. ಅವಳೂ ಸಾಕುಮನೆಯಲ್ಲೇ ಬೆಳೆದವಳು.

ಬೀಗದವನ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಕೈ ಸುಟ್ಕೊಂಡ್ರೆ?"

"ಸುಟ್ಕೊಳ್ಳಲಿ ಅತ್ತಿಗೆ. ಇಲ್ಲಾದ್ರೆ ಔಷಧಿ ಹಚ್ಚೋಕೆ ನೀವಿರ್ತೀರಿ."

ನರ್ಸಮ್ಮನ ಉಪಾಯ ಸರಳವಾಗಿತ್ತು. ಹೊರಡುವವರೆಗೆ ಇರುವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇರಲಿ. ತಾನೇ ಏಳಲಿ, ಬೇಯಿಸಿಕೊಳ್ಳಲಿ, ಬ್ಯಾಂಕಿಗೆ, ಆಸ್ಪತ್ರೆಗೆ ತಾನೇ ಹೋಗಿಬರಲಿ. ಅವಳು ಕೇಳಿದರಷ್ಟೇ ಸಹಾಯ.

ಮೊದಮೊದಲು ಅನ್ನ ತಳಹಿಡಿಯಿತು. ಇರುವೆಗಿಂತ ಹೆಚ್ಚು ತಪ್ಪು ಮಾಡಿದ್ದು ಬೀಗದವನ ಹೆಂಡತಿ. ಬೆಳಿಗ್ಗೆ ಅವಳಿಗೆ ಎಚ್ಚರವಾಗಲೆಂದು ಕೋಣೆಯ ಬಾಗಿಲ ಮುಂದೆ ಬೇಕೆಂದೇ ಕೊಡ ಬೀಳಿಸಿ, "ಅಯ್ಯೋ, ಕೈ ಜಾರ್ತು," ಎನ್ನುತ್ತಿದ್ದಳು.

"ದಿನಾ ಇದೇ ಹೊತ್ತಿಗೆ ಜಾರತ್ತಲ್ಲ ಅತ್ತಿಗೆ ನಿಮ್ಮ ಕೈ!" ಎಂದು ನರ್ಸಮ್ಮ ನಗುತ್ತಿದ್ದಳು.

ಬರಬರುತ್ತಾ ಕೊಡ ಬೀಳುವ ಮೊದಲೇ ಇರುವೆ ಎದ್ದಿರುತ್ತಿದ್ದಳು. ಸಾರಿಗೆ ಉಪ್ಪು ಸರಿಹೋಯಿತು. ಬ್ಯಾಂಕಿನಲ್ಲಿ ಖಾತೆಯೂ ಆಯಿತು. ಎಲ್ಲ ನೆಟ್ಟಗಾಯಿತು ಎನ್ನುವಾಗ ಒಂದು ಸಂಜೆ ಅವಳು ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಳು. ಎಳೆದರೆ ತಾನೇ ಬೀಳುವ ಬೀಗ ಅದು.

ಬೀಗದವನು ಅಂಗಡಿಯಿಂದ ನೋಡುತ್ತಲೇ ಇದ್ದ. ಅವಳು ಕರೆಯಲಿಲ್ಲ. ಮೆಟ್ಟಿಲ ಮೇಲೆ ಸುಮ್ಮನೆ ಕೂತಳು. ಮಳೆ ಹನಿಯತೊಡಗಿದರೂ ಕದಲಲಿಲ್ಲ. ಅವನು ತಡೆಯಲಾರದೆ ಸಲಕರಣೆಯ ಚೀಲ ಹಿಡಿದು ಎದ್ದು ಬಂದ. ನರ್ಸಮ್ಮನೂ ಕೊಡೆ ಹಿಡಿದು ಓಡಿಬಂದಳು.

"ಅಲ್ವೇ, ಬೀಗ ತೆಗೆಯೋನು ಇಲ್ಲೇ ಕಣ್ಣೆದುರಿಗೆ ಕೂತಿದೀನಿ. ಒಂದು ಕೂಗು ಹಾಕೋಕೇನಾಗಿತ್ತು?"

ಇರುವೆ ನೆಲ ನೋಡುತ್ತಾ ಹೇಳಿದಳು: "ಅಲ್ಲಿ ಹೋದ್ಮೇಲೆ ಕೂಗೋಕೆ ಯಾರೂ ಇರಲ್ವಲ್ಲ ಮಾಮ. ಅದಕ್ಕೇ ಅಭ್ಯಾಸ ಮಾಡ್ಕೊಳ್ತಿದ್ದೆ."

ನರ್ಸಮ್ಮ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದಳು.

"ಹೋದ್ಮೇಲೂ ಕರೀಬಹುದು ಅನ್ನೋದನ್ನೇ ಹೇಳಿಕೊಡೋಕೆ ಮರೆತ್ವಿ ನೋಡಿ," ಎಂದಳು ನರ್ಸಮ್ಮ ಮೆಲ್ಲಗೆ.

ಬೀಗದವನು ಇರುವೆಯ ಪಕ್ಕದಲ್ಲೇ, ಒದ್ದೆ ಮೆಟ್ಟಿಲ ಮೇಲೆ ಕೂತ. "ಹುಚ್ಚಿ. ಕಚೇರಿಯವ್ರಿಗೆ ಮುಗೀಬಹುದು, ನಮಗೆ ಮುಗಿಯತ್ತಾ? ಪೇಟೆ ಏನು ಚಂದ್ರಲೋಕದಲ್ಲಿದ್ಯಾ? ಫೋನ್ ಮಾಡು, ಬರ್ತೀನಿ." ಸಲಕರಣೆಯ ಚೀಲವನ್ನು ಅವಳ ಮಡಿಲಿಗಿಟ್ಟ. "ಈಗ ನೀನೇ ತೆಗಿ. ನಾನು ಪಕ್ಕದಲ್ಲಿರ್ತೀನಿ."

ಎರಡು ಸಲ ತಂತಿ ಜಾರಿತು. ಆಮೇಲೆ ಬೀಗ ಕಟಕ್ಕೆಂದಿತು. ಬಾಗಿಲು ತೆರೆಯಿತು. ಅಷ್ಟು ಜೋರಾಗಿ ಇರುವೆ ನಕ್ಕಿದ್ದನ್ನು ಆ ಮನೆ ಹಿಂದೆಂದೂ ಕೇಳಿರಲಿಲ್ಲ.

ಅವಳು ಪೇಟೆಗೆ ಹೋದಳು. ಬೀಗದವನು ಅಂದುಕೊಂಡಂತೆ ವಾರಕ್ಕೇ ವಾಪಸಾಗಲಿಲ್ಲ. ಫೋನು ಬಂತು: "ಮಾಮ, ನಲ್ಲಿ ಸೋರ್ತಿದೆ, ಏನು ಮಾಡ್ಲಿ?" ಅವನು ಹೇಳಿಕೊಟ್ಟ, ಅವಳೇ ಸರಿಮಾಡಿದಳು. ಮರುದಿನ ಬೀದಿಯುದ್ದಕ್ಕೂ ಅವನದೇ ಸುದ್ದಿ: "ನಮ್ಮ ಹುಡುಗಿ ಫೋನ್ ಮಾಡಿ ಕೇಳಿದ್ಲು ಕಣ್ರೀ!"

ಬೇಕರಿಯಲ್ಲಿ ಈಗ ಬೆಳಗಿನ ಒಲೆಯ ಹೊಣೆ ಪೂರ್ತಿ ಅವಳದು. ರಜೆಯಲ್ಲಿ, ತಾನೇ ಬೇಯಿಸಿದ ಬ್ರೆಡ್ಡು ಹಿಡಿದು ಮನೆಗೆ ಬರುತ್ತಾಳೆ. ಬಾಗಿಲು ತಟ್ಟುವುದಿಲ್ಲ. ಊರಿಗೆಲ್ಲ ಕೀಲಿ ಮಾಡಿಕೊಡುವವನು ಕಡೆಗೂ ಅವಳಿಗೆ ಮನೆಯ ಕೀಲಿಯೊಂದನ್ನು ಮಾಡಿಕೊಟ್ಟಿದ್ದಾನೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಮಗುವೊಂದು ಬೆಳೆಯುತ್ತಿರಬಹುದು. ಹೊರಡುವ ದಿನ ಬರುವ ಮುಂಚೆಯೇ ಒಲೆ, ಬ್ಯಾಂಕು, ಆಸ್ಪತ್ರೆ ಎಲ್ಲವನ್ನೂ ರೂಢಿಮಾಡಿಸಿ. ಹದಿನೆಂಟರ ನಂತರ ಯಾವ ನೆರವಿದೆ ಎಂದು ಮಕ್ಕಳ ರಕ್ಷಣಾ ಕಚೇರಿಯಲ್ಲಿ ವಿಚಾರಿಸಿ. ಕೆಲಸ ಕೊಡುವವರಾದರೆ, ಕೋಣೆ ಕೊಡುವವರಾದರೆ, ನಂಬಿ ಕೊಡಿ. ಹೋದ ಮೇಲೂ ಕರೆಯಬಹುದು ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರಬೇಡಿ. ಇವತ್ತೇ ಬಾಯಿಬಿಟ್ಟು ಹೇಳಿ.