ಜಟ್ಟಿಂಗಪ್ಪನ ಅಕ್ಷರ

ಕುಮುದಾ ನಮ್ಮ ವಾಟ್ಸಾಪ್ ಗುಂಪಿಗೆ ಸೇರಿದ್ದರಿಂದ ನನಗೆ ಬಹಳ ಸಂತೋಷವಾಗಿತ್ತು. ಅದಕ್ಕೆ ಕಾರಣ ಒಳ್ಳೆಯದಲ್ಲ, ಆದರೂ ಹೇಳುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಕಂಪ್ಯೂಟರ್ ಹುಚ್ಚಿನವರು ಸೇರಿ ಮಾಡಿಕೊಂಡ ಗುಂಪು ಅದು. ಕುಮುದಾ ಬರುವವರೆಗೆ ಎಂಬತ್ತು ಜನರಲ್ಲಿ ನಾನೊಬ್ಬಳೇ ಹೆಂಗಸು. ಹೆಸರು ಸೌಜನ್ಯಾ, ಸಾಗರದ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸೇರಿದ ಹೊಸದರಲ್ಲಿ, ‘ಸ್ಕ್ರೀನ್ ಕಪ್ಪು ಮಾಡೋ ಡಾರ್ಕ್ ಮೋಡ್ ಹಾಕಿದ್ರೆ ಲ್ಯಾಬಿನ ಕರೆಂಟ್ ಬಿಲ್ ಕಮ್ಮಿ ಆಗುತ್ತಾ?’ ಎಂದು ಕೇಳಿಬಿಟ್ಟಿದ್ದೆ. ಅಲ್ಲಿಂದ ಒಂದು ವರ್ಷ ನಾನು ‘ಡಾರ್ಕ್ ಮೋಡ್ ಮೇಡಂ’. ಯಾರ ಮನೆಯಲ್ಲಿ ಕರೆಂಟ್ ಹೋದರೂ ನನಗೊಂದು ನಮಸ್ಕಾರ.

ಆ ಹೆಸರಿಟ್ಟವನು ಗುಂಪಿನ ಅಡ್ಮಿನ್ ಹರ್ಷವರ್ಧನ. ಸಾಗರದಲ್ಲಿ ಅವನದು ಲ್ಯಾಪ್‌ಟಾಪ್ ಮಾರುವ, ರಿಪೇರಿ ಮಾಡುವ ಅಂಗಡಿ. ಬೆಳಗಾದರೆ ಗುಂಪಿನಲ್ಲಿ ಅವನ ಒಂದು ಅಭಿಪ್ರಾಯ ಬಂದಿರುತ್ತಿತ್ತು. ‘ಸ್ಮಾರ್ಟ್ ವಾಚ್ ಅಂದ್ರೆ ಕೈಗೆ ಕಟ್ಟಿಕೊಂಡ ಅತ್ತೆ. ಏಳು, ನಡಿ, ನೀರು ಕುಡಿ ಅಂತ ಜೀವ ತಿನ್ನುತ್ತೆ.’ ‘ಮಡಚೋಕೆ ಕಂಬಳಿ ಇದೆ, ಫೋನ್ ಯಾಕೆ ಮಡಚಬೇಕು?’ ‘ಈ ಕಾಲದಲ್ಲೂ ತಿರುಗೋ ಹಾರ್ಡ್‌ಡಿಸ್ಕ್ ಇಟ್ಕಂಡವರು ರುಬ್ಬೋ ಕಲ್ಲಲ್ಲೇ ಫೈಲ್ ಇಡಬಹುದು. ಎಸ್‌ಎಸ್‌ಡಿ ಹಾಕ್ಸಿ.’ ಓದಿ ನಾವೆಲ್ಲ ನಗುತ್ತಿದ್ದೆವು. ನನಗೂ ಅವನ ಮಾತು ಇಷ್ಟವಾಗುತ್ತಿತ್ತು, ನನ್ನ ಮೇಲೆ ಬೀಳದ ದಿನ.

ಕುಮುದಾ ಹೊಸನಗರದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದರು. ನಲವತ್ತರ ಮೇಲಿನ ವಯಸ್ಸು, ಓದಿದ್ದು ಪಿಯುಸಿ. ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ತಾವೇ ಲಿನಕ್ಸ್ ಹಾಕಿಕೊಂಡಿದ್ದರು. ಆಮೇಲೆ ಗುಂಪಿನಲ್ಲಿ ಹರ್ಷನ ಮಾತು ಓದಿ ಎಸ್‌ಎಸ್‌ಡಿಯನ್ನೂ ಹಾಕಿಸಿದರು. ಗುಂಪಿಗೆ ಬಂದವರೇ ಪ್ರಶ್ನೆ ಕೇಳತೊಡಗಿದರು, ದಿನಕ್ಕೆ ಎರಡು, ಮೂರು. ಪ್ರತಿ ಪ್ರಶ್ನೆಯ ಕೊನೆಗೂ ‘ದಯವಿಟ್ಟು ತಿಳಿಸಿ ಸರ್.’ ವಾರ ತುಂಬುವುದರೊಳಗೆ ಅವರು ‘ಜೆರಾಕ್ಸ್ ಆಂಟಿ’ ಆದರು. ನನ್ನ ಡಾರ್ಕ್ ಮೋಡನ್ನು ಎಲ್ಲರೂ ಮರೆತರು. ನನ್ನ ಸಂತೋಷ ಇದೇ.

ಜೂನ್ ತಿಂಗಳ ಒಂದು ಮಧ್ಯಾಹ್ನ ಕುಮುದಾ ಬರೆದರು: ‘ಡಿಸ್ಕ್ ತುಂಬಿದೆ ಅಂತ ಬರ್ತಾ ಇದೆ. ಜಾಗ ಮಾಡೋದು ಹೇಗೆ? ದಯವಿಟ್ಟು ತಿಳಿಸಿ ಸರ್.’

ಹರ್ಷ ಒಂದೇ ಸಾಲಿನ ಕಮಾಂಡ್ ಹಾಕಿದ. ಕೆಳಗೆ ಬರೆದ: ‘ಇದನ್ನ ಕೊಡಿ ಆಂಟಿ. ಜಾಗವೋ ಜಾಗ, ಫುಟ್‌ಬಾಲ್ ಆಡಬಹುದು.’

ಆ ಸಾಲು ಏನು ಮಾಡುತ್ತದೆಂದು ಲಿನಕ್ಸ್ ಬಳಸುವವರಿಗೆಲ್ಲ ಗೊತ್ತು. ಕಂಪ್ಯೂಟರಿನಲ್ಲಿ ಇದ್ದಬದ್ದದ್ದನ್ನೆಲ್ಲ ಕೇಳದೆ ಅಳಿಸುತ್ತದೆ. ಹೊಸಬರಿಗೆ ಹೀಗೆ ಹೇಳುವುದು ನಮ್ಮವರ ಹಳೇ ತಮಾಷೆ. ಹರ್ಷನ ಸಾಲಿನ ಕೆಳಗೆ ನಗುವ ಮುಖಗಳು ಸಾಲಾಗಿ ಬಿದ್ದವು. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದ ನಾನೂ ಒಂದು ಒತ್ತಿದೆ. ಮನೆಯಲ್ಲಿ ಗಂಡನಿಗೆ ತೋರಿಸಲೆಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಕುಮುದಾ ಬರೆದರು: ‘ಥ್ಯಾಂಕ್ಸ್ ಸರ್. ಗಿರಾಕಿ ಇದಾರೆ. ಅವ್ರು ಹೋದ ಕೂಡ್ಲೇ ಹಾಕ್ತೀನಿ.’

ಅವರ ನಂಬರ್ ನನ್ನ ಹತ್ತಿರ ಇತ್ತು. ಒಂದು ಫೋನ್ ಸಾಕಿತ್ತು. ಮಾಡಲಿಲ್ಲ. ನಿಜವಾಗಿ ಹಾಕುತ್ತಾರಾ ಎಂದು ನೋಡುವ ಆಸೆ ನನಗೆ. ಬೇರೆಯವರೂ ಕಾಯುತ್ತಿದ್ದರು ಅಂತ ಕಾಣುತ್ತದೆ, ಇಪ್ಪತ್ತು ನಿಮಿಷ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.

‘ಸರ್, ಪಾಸ್‌ವರ್ಡ್ ಕೇಳ್ತು, ಕೊಟ್ಟೆ. ಈಗ ಸ್ಕ್ರೀನ್ ಕಪ್ಪಾಗಿದೆ. ಎಷ್ಟು ಹೊತ್ತು ಬೇಕು ಸರ್?’

ಮತ್ತೆ ನಗು. ತೀರ್ಥಹಳ್ಳಿಯವನೊಬ್ಬ, ‘ಆಂಟಿ ಮೋಕ್ಷಕ್ಕೆ ಹೋದ್ರು’ ಎಂದ. ಹರ್ಷ ಕೇಳಿದ: ‘ಬ್ಯಾಕಪ್ ಇದೆ ತಾನೇ?’

‘ಇದೆ ಸರ್, ಬೇರೆ ಡ್ರೈವಲ್ಲಿದೆ. ಫೈಲ್ ಅದಕ್ಕೆ ಸಾಗಿಸೋಣ ಅಂತ ಬೆಳಿಗ್ಗೆಯಿಂದ ಚುಚ್ಚೇ ಇಟ್ಟಿದ್ದೆ.’

ಆಗ ನಗು ನಿಂತಿತು. ಕಂಪ್ಯೂಟರಿಗೆ ಚುಚ್ಚಿಟ್ಟ ಡ್ರೈವನ್ನೂ ಆ ಕಮಾಂಡ್ ಬಿಡುವುದಿಲ್ಲ. ಐದು ನಿಮಿಷ ಕಳೆದು ನೋಡಿದರೆ ಹರ್ಷನ ಸಾಲು ಇರಲಿಲ್ಲ. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಷ್ಟೇ ಇತ್ತು. ಅದರ ಜೊತೆಗೆ ಅದಕ್ಕೆ ಒತ್ತಿದ್ದ ನಮ್ಮೆಲ್ಲರ ನಗುವೂ ಹೋಗಿತ್ತು.

ಮರುದಿನ ಕುಮುದಾ ನನಗೆ ಫೋನ್ ಮಾಡಿದರು. “ಸಾಗರಕ್ಕೆ ಬರ್ತಾ ಇದೀನಿ ಮೇಡಂ. ಹರ್ಷ ಸರ್ ಅಂಗಡಿಗೆ ನೀವೂ ಬರ್ತೀರಾ? ನಂಗೆ ಅಲ್ಲಿ ಬೇರೆ ಯಾರೂ ಗೊತ್ತಿಲ್ಲ.”

ಇಲ್ಲ ಎನ್ನಲಾಗಲಿಲ್ಲ. ಅವರು ಸಿಪಿಯುವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಹೊಸನಗರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಸಣ್ಣ ಆಳು, ಸೀರೆಗೆಲ್ಲ ಧೂಳು ಮೆತ್ತಿತ್ತು. ಹರ್ಷ ಡ್ರೈವ್ ಎರಡನ್ನೂ ಹಾಕಿ ಅರ್ಧ ಗಂಟೆ ನೋಡಿದ.

“ಎರಡೂ ಎಸ್‌ಎಸ್‌ಡಿ ಆಂಟಿ. ಹಳೇ ಹಾರ್ಡ್‌ಡಿಸ್ಕ್ ಆಗಿದ್ರೆ ಏನಾದ್ರೂ ಸಿಗ್ತಿತ್ತೇನೋ. ಇದರಲ್ಲಿ ಅಳಿಸಿದ್ದು ಅಳಿಸಿದ್ದೇ.”

“ನೀವೇ ಹಾಕ್ಸಿ ಅಂದಿದ್ರಿ.”

“ಎಂತ ಇತ್ತು ಅದರಲ್ಲಿ? ಲಗ್ನಪತ್ರಿಕೆ, ಅರ್ಜಿ ತಾನೇ? ಮತ್ತೆ ಟೈಪ್ ಮಾಡಬಹುದು.”

ಕುಮುದಾ ತಮ್ಮ ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದರು. ಬಿಳಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ‘ನಿಟ್ಟೂರು’ ಎಂದು ಪ್ರಿಂಟಾಗಿತ್ತು. ಅಂಥ ಅಕ್ಷರವನ್ನು ನಾನು ಯಾವ ಕಂಪ್ಯೂಟರಿನಲ್ಲೂ ನೋಡಿರಲಿಲ್ಲ. ತಲೆಕಟ್ಟು ಒಂದೇ ಎಳೆತಕ್ಕೆ ಬಿದ್ದಂತಿತ್ತು. ಒತ್ತಕ್ಷರ ಮೇಲಿನ ಅಕ್ಷರಕ್ಕೆ ಹೆಗಲು ಕೊಟ್ಟ ಹಾಗೆ ಕೂತಿತ್ತು.

ಅದು ಅವರ ಮಾವ ಜಟ್ಟಿಂಗಪ್ಪನವರ ಅಕ್ಷರ. ಹುಂಚದಿಂದ ನಿಟ್ಟೂರಿನವರೆಗೆ ಬಸ್ಸುಗಳ ಬೋರ್ಡು, ಅಂಗಡಿ ಬೋರ್ಡು, ಸೊಸೈಟಿ ಬೋರ್ಡು ನಲವತ್ತು ವರ್ಷ ಬರೆದ ಪೇಂಟರ್. ಫ್ಲೆಕ್ಸ್ ಬಂದು ಬೋರ್ಡುಗಳೆಲ್ಲ ಗುಜರಿಗೆ ಹೋಗತೊಡಗಿದಾಗ ಕುಮುದಾ ಊರೂರು ತಿರುಗಿ ಉಳಿದವುಗಳ ಫೋಟೋ ತೆಗೆದಿದ್ದರು. ಅವನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಗೀರಿ, ಟೈಪ್ ಮಾಡಲು ಬರುವ ಫಾಂಟ್ ಮಾಡುತ್ತಿದ್ದರು. ಆರು ವರ್ಷದಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ ಆರುನೂರು ಅಕ್ಷರ. ಡಿಸ್ಕ್ ತುಂಬಿದ್ದು ಆ ಫೋಟೋಗಳಿಂದ; ಫೋನಿನಲ್ಲಿ ಉಳಿದದ್ದು ಈ ಒಂದು ಚಿತ್ರ ಮಾತ್ರ. ಲಿನಕ್ಸ್ ಕಲಿತದ್ದೂ, ನಮ್ಮ ಗುಂಪಿಗೆ ಬಂದದ್ದೂ ಅದಕ್ಕೇ.

“ಗ್ರೂಪಲ್ಲಿ ಯಾಕೆ ಹೇಳ್ಲಿಲ್ಲ?” ಎಂದೆ.

“ಮುಗಿದ ಮೇಲೆ ಹೇಳಣ ಅಂತಿದ್ದೆ. ನಗ್ತಾರೆ ಅಂತ.”

ಹರ್ಷ ಬಹಳ ಹೊತ್ತು ಆ ಚಿತ್ರ ನೋಡಿದ. ನಮ್ಮಲ್ಲಿ ಯಾರೂ ಇಂಥದ್ದು ಮಾಡಿಲ್ಲವೆಂದು ಅವನಿಗೆ ತಿಳಿಯಿತು. ಅವನ ಮುಖದಲ್ಲೇ ಕಂಡಿತು. ಆಮೇಲೆ ಫೋನ್ ವಾಪಸು ಕೊಟ್ಟ.

“ಇಷ್ಟು ಮಾಡೋರಿಗೆ ಅಷ್ಟು ಗೊತ್ತಿರಬೇಕಿತ್ತು. ಸಿಕ್ಕಿದ್ದೆಲ್ಲ ಒತ್ತೋದಾ?”

“ನೀವು ಹೇಳಿದ್ದು ಅಂತ ಒತ್ತಿದೆ.”

“ನಾನು ಹೇಳಿದ್ದು ಎಲ್ಲಿದೆ? ತೋರ್ಸಿ.”

ಕುಮುದಾ ನನ್ನ ಕಡೆ ತಿರುಗಿದರು. “ನೀವು ನೋಡಿದೀರಲ್ಲ ಮೇಡಂ.”

ನನ್ನ ಬ್ಯಾಗಿನಲ್ಲಿ ಫೋನ್ ಇತ್ತು, ಫೋನಿನಲ್ಲಿ ಆ ಸ್ಕ್ರೀನ್‌ಶಾಟ್ ಇತ್ತು. ಹರ್ಷ ನನ್ನನ್ನೇ ನೋಡುತ್ತಿದ್ದ. ನಾಳೆ ಬೆಳಿಗ್ಗೆ ಗುಂಪಿನಲ್ಲಿ ಅವನು ನನ್ನ ಬಗ್ಗೆ ಏನು ಬರೆಯಬಹುದೆಂದು ಯೋಚಿಸಿದೆ.

“ನಿನ್ನೆ ನಾನು ಗ್ರೂಪ್ ನೋಡಿರ್ಲಿಲ್ಲ,” ಎಂದೆ.

“ಕೆಳಗೆ ನಿಮ್ಮ ನಗು ಇತ್ತು,” ಎಂದರು ಕುಮುದಾ. ಧ್ವನಿ ಏರಲಿಲ್ಲ. “ಅದಕ್ಕೇ ನಿಮ್ಮನ್ನ ಕರೆದಿದ್ದು. ನೋಡಿದ್ದು ಗ್ಯಾರಂಟಿ ಅಂತ.”

ಸಿಪಿಯು ಸುತ್ತಿಕೊಂಡು ಹೊರಟರು. ಹಿಡಿದುಕೊಳ್ಳುತ್ತೇನೆ ಎಂದು ನಾನು ಕೈ ಚಾಚಿದರೆ ಕೊಡಲಿಲ್ಲ. ಅವತ್ತೇ ಹರ್ಷ ಅವರನ್ನು ಗುಂಪಿನಿಂದ ತೆಗೆದ. ಮರುದಿನ ಬೆಳಿಗ್ಗೆ ಬ್ಯಾಕಪ್ಪಿನ ಬಗ್ಗೆ ಉದ್ದನೆಯ ಅಭಿಪ್ರಾಯ ಬರೆದ, ‘ಹೊಸನಗರದ ಒಬ್ಬ ಮಹಿಳೆ’ಯ ಉದಾಹರಣೆ ಕೊಟ್ಟು. ಬಹಳ ಉಪಯುಕ್ತ ಮಾಹಿತಿ ಎಂದು ಐವತ್ತು ಜನ ಮೆಚ್ಚಿದರು.

ನವೆಂಬರಿನಲ್ಲಿ ಪರೀಕ್ಷೆ ಡ್ಯೂಟಿಗೆ ಹೊಸನಗರಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಕುಮುದಾ ಅವರ ಅಂಗಡಿ ಹುಡುಕಿಕೊಂಡು ಹೋದೆ. ಕ್ಷಮೆ ಕೇಳಬೇಕೆಂದಿತ್ತು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಜಟ್ಟಿಂಗಪ್ಪ ಕೂತಿದ್ದರು. ಎರಡೂ ಕೈ ನಡುಗುತ್ತಿದ್ದವು. ಕುಮುದಾ ನನ್ನನ್ನು ನೋಡಿ ಸುಮ್ಮನೆ ತಲೆ ಆಡಿಸಿದರು.

ಆ ಹೊತ್ತಿಗೇ ಪ್ರಿಂಟರಿನಿಂದ ಒಂದು ಹಾಳೆ ಬಂತು. ಕುಮುದಾ ಅದನ್ನು ಮಾವನ ಕೈಗಿಟ್ಟರು. ಅವರು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

“ಇದೆಂತ ಕಣೆ? ಈ ಳಕಾರದ ಬಾಲ ನಂದಲ್ಲ. ನಾನು ಹಿಂಗೆ ಎಳಿಯದಿಲ್ಲ.”

ಮೇಜಿನ ಮೇಲಿದ್ದ ಇನ್ನಷ್ಟು ಹಾಳೆ ನೋಡಿ ನನಗೆ ಅರ್ಥವಾಯಿತು. ಕುಮುದಾ ಮೊದಲಿನಿಂದ ಮತ್ತೆ ಶುರು ಮಾಡಿದ್ದರು. ಫೋಟೋ ಇಲ್ಲದೆ, ನೆನಪಿನಿಂದ. ಎಲ್ಲ ಹೋಯಿತೆಂಬುದನ್ನು ಮಾವನಿಗೆ ಹೇಳಿರಲಿಲ್ಲ.

“ಈ ಮೇಡಂ ಸಾಗರದೋರು ಮಾವ, ಕಂಪ್ಯೂಟರ್ ಕಲ್ಸೋರು,” ಎಂದರು ಕುಮುದಾ. “ಏನಾಯ್ತು ಅಂತ ಅವ್ರಿಗೆ ಗೊತ್ತು. ಹೇಳಿ ಮೇಡಂ.”

ಮುದುಕ ನನ್ನ ಕಡೆ ಮುಖ ಎತ್ತಿದರು. ಅಳಿಸಿಹೋದದ್ದನ್ನು ಹೇಳಬಹುದಿತ್ತು. ಹೇಳಿದ್ದರೆ ಅವರು ಹಾಳೆಯ ಮೇಲೆ ಬೆರಳಿಟ್ಟು, ಬಾಲ ಹೀಗೆ ಬರಬೇಕೆಂದು ತಿದ್ದಿಕೊಡುತ್ತಿದ್ದರೇನೋ. ಆದರೆ ಹೇಗೆ ಅಳಿಸಿಹೋಯಿತು, ಯಾರು ನೋಡುತ್ತ ಕೂತಿದ್ದರು ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು.

“ಕಂಪ್ಯೂಟರಿಗೆ ಹಾಕಿದ್ರೆ ಅಕ್ಷರ ಸ್ವಲ್ಪ ಬದಲಾಗುತ್ತೆ ಅಜ್ಜ,” ಎಂದೆ. “ಅದು ಹಾಗೇ.”

“ಹೌದಾ?” ಹಾಳೆಯನ್ನು ಅವರು ಸೊಸೆಗೆ ವಾಪಸು ಚಾಚಿದರು. ಅದು ಗಾಳಿಗೆ ಸಿಕ್ಕಿದ ಹಾಗೆ ನಡುಗುತ್ತಿತ್ತು. “ಹಂಗಾರೆ ಬ್ಯಾಡ ಕಣೆ, ನಿಲ್ಸು. ನಂದಲ್ಲದ್ದಕ್ಕೆ ನನ್ ಹೆಸ್ರು ಇಟ್ಟು ಎಂತ ಮಾಡೂದು? ಬೋರ್ಡೆಲ್ಲ ಹೋದ್ವು, ಇದೂ ಹೋಗ್ಲಿ.”

“ಮಾವ, ತಿದ್ದಬಹುದು...”

“ಬ್ಯಾಡ ಅಂದ್ನಲ್ಲ.”

ಕುಮುದಾ ನನ್ನನ್ನು ಒಂದು ಸಲ ನೋಡಿದರು. ಸಾಗರದ ಅಂಗಡಿಯಲ್ಲಿ ನೋಡಿದ ಹಾಗಿರಲಿಲ್ಲ, ಅವತ್ತಿನ ನೋಟದಲ್ಲಿ ಇನ್ನೂ ಏನೋ ಕೇಳುವುದು ಉಳಿದಿತ್ತು. ಹಾಳೆಯನ್ನು ಕೆಟ್ಟ ಜೆರಾಕ್ಸ್ ಹಾಕುವ ರಟ್ಟಿನ ಪೆಟ್ಟಿಗೆಗೆ ಹಾಕಿದರು, ಮೇಜಿನ ಮೇಲಿದ್ದ ಉಳಿದವನ್ನೂ ಹಾಕಿದರು. ಅಷ್ಟರಲ್ಲಿ ಒಬ್ಬರು ಆಧಾರ್ ಕಾರ್ಡ್ ಹಿಡಿದುಕೊಂಡು ಒಳಗೆ ಬಂದರು.

“ಎರಡೂ ಕಡೆನಾ?” ಎಂದು ಕುಮುದಾ ಅವರನ್ನು ಕೇಳಿದರು.