ಸೊಟ್ಟ ಕೋಣೆಯ ನಕ್ಷೆ

ಕಾಲೇಜಿನವರು ವಹಿಸಿದ ತರಗತಿಯ ಹೆಸರು ಕೇಳಿದರೇ ಮೇಷ್ಟ್ರಿಗೆ ಪಿತ್ತ ನೆತ್ತಿಗೇರುತ್ತಿತ್ತು: ‘ಬದಲಾಗುತ್ತಿರುವ ಉದ್ಯೋಗಕ್ಕೆ ಸಿದ್ಧತೆ’. ಸಿದ್ಧತೆ ಎಂದರೆ ಟೈ ಕಟ್ಟುವುದು, ಹಲ್ಲು ಕಾಣುವಂತೆ ನಗುವುದು, ಕೈ ಕುಲುಕುವುದು ಎಂದು ಮೇಲಿನಿಂದ ಪಟ್ಟಿ ಬಂದಿತ್ತು. ಮೂವತ್ತು ವರ್ಷ ಕಟ್ಟಡಗಳ ಧೂಳು ಕುಡಿದ ಎಂಜಿನಿಯರು ಈಗ ಮಕ್ಕಳಿಗೆ ನಗುವುದನ್ನು ಕಲಿಸಬೇಕಂತೆ! ಪಟ್ಟಿಯನ್ನು ಮಡಚಿ, ಅಲುಗಾಡುವ ಮೇಜಿನ ಕಾಲಿನಡಿ ತುರುಕಿದರು. ಅದಾದರೂ ಉಪಯೋಗಕ್ಕೆ ಬಂತು.

ಮಕ್ಕಳೋ, ಕಂಪ್ಯೂಟರ್ ಪರದೆಯ ಮೇಲೆ ಮೂವತ್ತು ಅಂತಸ್ತು ಎಬ್ಬಿಸುತ್ತಿದ್ದರು. ಕಿಟಕಿಗೆ ಬಿಸಿಲು ಬೀಳಿಸಿ, ಬಾಗಿಲಲ್ಲಿ ಒಂದು ನಾಯಿಯನ್ನೂ ನಿಲ್ಲಿಸುತ್ತಿದ್ದರು. ಕೈಗೆ ಟೇಪು ಕೊಟ್ಟು ‘ಈ ಕೋಣೆ ಅಳೆಯಿರಿ’ ಎಂದರೆ ಮಾತ್ರ ಉದ್ದಗಲ ಬರೆದುಕೊಂಡು ಮುಗಿಯಿತೆಂದು ಕೂತುಬಿಡುತ್ತಿದ್ದರು.

“ಉದ್ದ ಅಗಲ ಸರಿ ಬಂದ್ರೂ ಕೋಣೆ ಸೊಟ್ಟಗಿರಬಹುದು! ಈ ಮೂಲೆಯಿಂದ ಓರೆಯಾಗಿ ಎದುರಿನ ಮೂಲೆಗೆ ಟೇಪು ಎಳೀರಿ. ಆಮೇಲೆ ಉಳಿದ ಎರಡು ಮೂಲೆ ನಡುವೆನೂ ಎಳೀರಿ. ಎರಡೂ ಒಂದೇ ಬಂದ್ರೆ ಕೋಣೆ ನೆಟ್ಟಗಿದೆ ಅಂತ. ಎಷ್ಟು ಸಲ ಗಂಟಲು ಹರ್ಕೊಳ್ಳಲಿ?”

ಮಕ್ಕಳು ಅವರಿಗೆ ಟೇಪು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆ ಗುಂಪಿನಲ್ಲೇ ಅವರ ಅಕ್ಕನ ಮಗಳೂ ಇದ್ದಳು. ಹೊಸ ಕಟ್ಟಡಗಳ ಕೆಲಸ ನಿಂತುಹೋಗಿ, ಹಳೆಯವನ್ನು ದುರಸ್ತಿ ಮಾಡುವ ಕಂಪನಿಗಳು ಮಾತ್ರ ಜನ ತೆಗೆದುಕೊಳ್ಳುತ್ತಿದ್ದ ಕಾಲವದು. ಎರಡು ಕಡೆ ಸಂದರ್ಶನದಲ್ಲಿ ಬಿದ್ದಿದ್ದಳು. ಶುಕ್ರವಾರ ಅಂಥದೇ ಕಂಪನಿಯಲ್ಲಿದ್ದ ಮೂರನೆಯದೂ ಕೈತಪ್ಪಿದರೆ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಬಣ್ಣ ತೋರಿಸಲು ನಿಲ್ಲಬೇಕಿತ್ತು. ಐದು ವರ್ಷ ಓದಿದ ಹುಡುಗಿ!

ಶುಕ್ರವಾರ ಸಂಜೆ ಅವಳು ಮುಖ ಊದಿಸಿಕೊಂಡು ಬಂದು ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕುಸಿದಳು.

“ಏನು, ಮೂಲೆ ಅಳೆಯೋದು ಮರೆತ್ಯಾ?” ಮೇಷ್ಟ್ರು ರೇಗಿದರು.

“ಅಳೆದೆ ಮಾವ. ಪರೀಕ್ಷೆಗೆ ಅಂತ ಒಂದು ಹಳೇ ಕಟ್ಟಡದ ಕೋಣೆ ಕೊಟ್ಟಿದ್ರು. ಅಳೆದಿದ್ದೇ ತಪ್ಪಾಯ್ತು. ಎರಡಕ್ಕೂ ಒಂದು ಗೇಣು ವ್ಯತ್ಯಾಸ ಬಂತು, ಕೋಣೆ ಸೊಟ್ಟಗಿದೆ ಅಂತ ಬರೆದೆ. ಮ್ಯಾನೇಜರು ಹಳೇ ನಕ್ಷೆ ತೆಗೆದು ತೋರಿಸಿದ್ರು. ಅದ್ರಲ್ಲಿ ನೆಟ್ಟಗಿದೆ. ಇಷ್ಟು ಅನುಭವಸ್ಥರು ಸಹಿ ಹಾಕಿರೋ ನಕ್ಷೆ ಸುಳ್ಳಾ, ನಿಂಗೆ ಟೇಪು ಹಿಡಿಯೋಕೇ ಬರಲ್ಲ ಅಂದುಬಿಟ್ರು.”

“ಯಾವನವನು ಸಹಿ ಹಾಕಿದ ಗೂಬೆ? ಹೆಸರು ಹೇಳು, ಗ್ರಹಚಾರ ಬಿಡಿಸ್ತೀನಿ!”

ಹುಡುಗಿ ನೆಲ ನೋಡಿದಳು. “ನೀವು, ಮಾವ.”

ಮೇಷ್ಟ್ರಿಗೆ ನಿಧಾನಕ್ಕೆ ನೆನಪು ಬಂತು. ಇಪ್ಪತ್ತೆರಡು ವರ್ಷದ ಹಿಂದೆ, ಆ ಕಂಪನಿಗೂ ಸೇರಿ ವಾರವೊಂದಕ್ಕೆ ಮೂರು ಕಟ್ಟಡ ಅಳೆದುಕೊಡಬೇಕಿದ್ದ ಕಾಲ. ಉದ್ದ, ಅಗಲ, ಸಹಿ, ಮುಂದಿನ ಕಟ್ಟಡ.

“‘ನನ್ನ ಮಾವನ ಸಹಿ’ ಅಂತ ನೀನು ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು.”

ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಮೇಷ್ಟ್ರು ಎದ್ದು ಕಿಟಕಿ ಮುಚ್ಚಿದರು, ಮತ್ತೆ ತೆರೆದರು. ನಾಚಿಕೆಯಾಗುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹುಡುಗಿಯಂತೂ ಬಾಯಿ ಬಿಡುವವಳಲ್ಲ. ಸೋಮವಾರ ಟೈಲ್ಸ್ ಅಂಗಡಿಗೆ ಹೋಗಿ ನಿಲ್ಲುತ್ತಿದ್ದಳು, ಅಷ್ಟೇ. ಪಕ್ಕದ ಮೇಜುಗಳಲ್ಲಿ ಇಬ್ಬರು ಮೇಷ್ಟ್ರುಗಳು ಉತ್ತರಪತ್ರಿಕೆ ತಿದ್ದುವ ನೆಪದಲ್ಲಿ ಕಿವಿ ನಿಮಿರಿಸಿದ್ದರು.

ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿ, ಆ ಇಬ್ಬರಿಗೂ ಕೇಳುವಂತೆಯೇ ಮಾತಾಡಿದರು. “ಸ್ವಾಮಿ, ಬೆಳಿಗ್ಗೆ ನಿಮ್ಮಲ್ಲಿಗೆ ಬಂದ ಹುಡುಗಿ ಅಳೆದಿದ್ದೇ ಸರಿ. ಆ ನಕ್ಷೆಗೆ ಸಹಿ ಹಾಕಿದವನು ನಾನು. ನಾನು ಮೂಲೆ ಅಳೆದಿರಲಿಲ್ಲ.”

ಆ ಕಡೆಯಿಂದ ಕಾಗದ ಮಗುಚುವ ಸದ್ದು ಕೇಳಿತು.

“ಸೋಮವಾರ ಅವಳನ್ನ ಕೆಲಸಕ್ಕೆ ಕಳಿಸಿ,” ಎಂದರು ಮ್ಯಾನೇಜರು. “ನಮ್ಮ ಬೀರುವಿನಲ್ಲಿ ನಿಮ್ಮ ಸಹಿ ಇರೋ ನಕ್ಷೆಗಳು ಇನ್ನೂ ಹದಿನೇಳು ಇವೆ. ಮೊದಲು ಅವನ್ನೆಲ್ಲ ಅವಳೇ ಮತ್ತೆ ಅಳೀಲಿ.”